ರಕ್ತನಾಳಗಳ ಉರಿಯೂತದಿಂದ ಉಂಟಾಗುವ ಪಾರ್ಶ್ವವಾಯು: ಟಕಾಯಾಸು ಕಾಯಿಲೆಯ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಪಾರ್ಶ್ವವಾಯು, ಅಂದರೆ ಆಡುಮಾತಿನ ಲಕ್ವ, ವಯಸ್ಸಾದವರಿಗೆ ಬರುವ ಕಾಯಿಲೆ ಎಂಬ ತಿಳಿವಳಿಕೆ ಜನರಲ್ಲಿ ಸಾಮಾನ್ಯವಾಗಿದೆ. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಸೇವನೆ ಇವುಗಳಿಂದ ಅದು ಬರುತ್ತದೆ ಎಂಬುದೂ ತಿಳಿದ ವಿಷಯವೇ. ಬಹುಪಾಲು ಪ್ರಕರಣಗಳಲ್ಲಿ ಈ ತಿಳಿವಳಿಕೆ ಸರಿಯಾಗಿರುತ್ತದೆ. ಆದರೆ ಇಪ್ಪತ್ತು ಅಥವಾ ಮೂವತ್ತರ ವಯಸ್ಸಿನ, ಮೇಲಿನ ಯಾವ ತೊಂದರೆಯೂ ಇಲ್ಲದ ವ್ಯಕ್ತಿಗೆ ಪಾರ್ಶ್ವವಾಯು ತಗಲಿದಾಗ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಅಂತಹ ಕಾರಣಗಳಲ್ಲಿ ರಕ್ತನಾಳಗಳ ಉರಿಯೂತವೂ ಒಂದು. ಇದನ್ನು ವೈದ್ಯಕೀಯದಲ್ಲಿ ವ್ಯಾಸ್ಕುಲೈಟಿಸ್ ಎಂದು ಕರೆಯಲಾಗುತ್ತದೆ.

ಈ ಗುಂಪಿಗೆ ಸೇರಿದ ಕಾಯಿಲೆಗಳು ಅನೇಕ. ಅವುಗಳ ಪೈಕಿ ಭಾರತವೂ ಸೇರಿದಂತೆ ಏಷ್ಯಾದ ದೇಶಗಳಲ್ಲಿ ಹೆಚ್ಚಾಗಿ ಕಂಡುಬರುವ, ಯುವತಿಯರನ್ನು ಹೆಚ್ಚಾಗಿ ಬಾಧಿಸುವ ಟಕಾಯಾಸು ಕಾಯಿಲೆಯ ಬಗ್ಗೆ ಈ ಪುಟದಲ್ಲಿ ವಿವರವಾಗಿ ತಿಳಿಸಲಾಗಿದೆ. ಇದು ಅಪರೂಪದ ಕಾಯಿಲೆ. ಅಪರೂಪವಾದ ಕಾರಣದಿಂದಲೇ ಪತ್ತೆಯಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುತ್ತವೆ. ಆದರೆ ಇದರ ಮೊದಲ ಸುಳಿವನ್ನು ಪಡೆಯಲು ದುಬಾರಿ ಯಂತ್ರದ ಅಗತ್ಯವಿಲ್ಲ. ಎರಡೂ ಕೈಗಳ ನಾಡಿ ಹಿಡಿದು ನೋಡುವುದು ಮತ್ತು ಎರಡೂ ತೋಳುಗಳಲ್ಲಿ ರಕ್ತದೊತ್ತಡ ಅಳೆಯುವುದು ಸಾಕು. ಈ ಪರೀಕ್ಷೆ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಸಾಧ್ಯವಿರುತ್ತದೆ.

ಕಾಯಿಲೆಯ ಹಿನ್ನೆಲೆ

ಜಪಾನಿನ ಕನಜಾವದಲ್ಲಿದ್ದ ನೇತ್ರವೈದ್ಯ ಮಿಕಿಟೊ ಟಕಾಯಾಸು ಅವರು 1908ರಲ್ಲಿ ತಮ್ಮ ದೇಶದ ನೇತ್ರವೈದ್ಯರ ಸಮ್ಮೇಳನದಲ್ಲಿ ಒಬ್ಬ ಯುವತಿಯ ಕಣ್ಣಿನ ಒಳಪದರದಲ್ಲಿ ಕಂಡ ವಿಚಿತ್ರ ಬದಲಾವಣೆಯನ್ನು ವಿವರಿಸಿದರು. ದೃಷ್ಟಿನರವು ಕಣ್ಣನ್ನು ಸೇರುವ ಜಾಗದ ಸುತ್ತ ಸಣ್ಣ ರಕ್ತನಾಳಗಳು ಮಾಲೆಯಂತೆ ಒಂದಕ್ಕೊಂದು ಹೆಣೆದುಕೊಂಡಿದ್ದವು. ಇಂತಹುದೇ ರೋಗಿಗಳನ್ನು ಕಂಡಿದ್ದ ಇತರ ಇಬ್ಬರು ವೈದ್ಯರು ಆ ರೋಗಿಗಳ ಮುಂಗೈಯಲ್ಲಿ ನಾಡಿ ಸಿಗುತ್ತಿರಲಿಲ್ಲವೆಂದು ಅದೇ ಸಂದರ್ಭದಲ್ಲಿ ತಿಳಿಸಿದರು. ಕಣ್ಣಿನ ತೊಂದರೆಗೂ ಕೈಯ ನಾಡಿಗೂ ಏನು ಸಂಬಂಧ ಎಂಬುದು ಸ್ಪಷ್ಟವಾದದ್ದು ನಂತರ. ಹೃದಯದಿಂದ ಹೊರಡುವ ಮಹಾಅಪಧಮನಿ ಮತ್ತು ಅದರಿಂದ ಕೊರಳಿಗೂ ತೋಳುಗಳಿಗೂ ಕವಲೊಡೆಯುವ ದೊಡ್ಡ ನಾಳಗಳು ಉರಿಯೂತದಿಂದ ಕಿರಿದಾಗಿ, ತಲೆಗೂ ಕೈಗೂ ಹರಿಯುವ ರಕ್ತ ಒಟ್ಟಿಗೇ ಕಡಿಮೆಯಾಗಿದ್ದುದೇ ಎರಡಕ್ಕೂ ಮೂಲವಾಗಿತ್ತು. ಹೀಗಾಗಿ ಇದಕ್ಕೆ ನಾಡಿಯಿಲ್ಲದ ಕಾಯಿಲೆ ಎಂಬ ಇನ್ನೊಂದು ಹೆಸರೂ ಬಂದಿತು.

ಭಾರತದ ಹಳೆಯ ವೈದ್ಯಕೀಯ ದಾಖಲೆಗಳಲ್ಲಿ ಇದನ್ನು ನಾನ್ ಸ್ಪೆಸಿಫಿಕ್ ಅಯೋರ್ಟೊ ಆರ್ಟರೈಟಿಸ್ ಎಂದು ಬರೆಯುವ ರೂಢಿಯಿತ್ತು, ಈಗಲೂ ಕೆಲವೆಡೆ ಇದೆ. ರೋಗಿಗಳ ಬಳಿ ಇರುವ ಹಳೆಯ ಚೀಟಿಗಳಲ್ಲಿ ಈ ಹೆಸರಿದ್ದಲ್ಲಿ ಅದು ಬೇರೆ ಕಾಯಿಲೆಯಲ್ಲವೆಂದು ತಿಳಿಯತಕ್ಕದ್ದು. ಹೆಸರು ಬದಲಾದುದರಿಂದ ಎರಡು ಕಾಯಿಲೆಗಳಿವೆಯೆಂದು ಭಾವಿಸಿ ಆತಂಕಕ್ಕೊಳಗಾಗುವವರೂ ಇದ್ದಾರೆ.

ಕಾಯಿಲೆಗೆ ಕಾರಣ

ನಮ್ಮ ದೇಹವನ್ನು ಕಾಯುವ ರೋಗನಿರೋಧಕ ವ್ಯವಸ್ಥೆಯೇ ತಪ್ಪಾಗಿ ದೊಡ್ಡ ಅಪಧಮನಿಗಳ ಗೋಡೆಯ ಮೇಲೆ ದಾಳಿ ನಡೆಸುವುದರಿಂದ ಉರಿಯೂತ ಉಂಟಾಗುತ್ತದೆ. ಈ ದಾಳಿ ಏಕೆ ಆರಂಭವಾಗುತ್ತದೆಯೆಂಬುದು ಇಂದಿಗೂ ಖಚಿತವಾಗಿಲ್ಲ. ಎಚ್‌ಎಲ್‌ಎ-ಬಿ52 ಎಂಬ ಅನುವಂಶೀಯ ಗುಣಾಂಶದೊಂದಿಗೆ ಸಂಬಂಧವಿರುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಹಾಗೆಂದ ಮಾತ್ರಕ್ಕೆ ಇದು ತಾಯಿಯಿಂದ ಮಗುವಿಗೆ ನೇರವಾಗಿ ಬರುವ ಕಾಯಿಲೆಯಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವ ಸೋಂಕೂ ಅಲ್ಲ. ಆದುದರಿಂದ ರೋಗಿಯನ್ನು ಪ್ರತ್ಯೇಕವಾಗಿರಿಸುವ, ತಟ್ಟೆ ಲೋಟ ಬೇರೆ ಮಾಡುವ ಅಗತ್ಯ ಯಾವ ಕಾರಣಕ್ಕೂ ಇರುವುದಿಲ್ಲ.

ಕ್ಷಯರೋಗಕ್ಕೂ ಈ ಕಾಯಿಲೆಗೂ ನಂಟಿರಬಹುದೆಂಬ ಅನುಮಾನ ವೈದ್ಯ ಸಮೂಹದಲ್ಲಿ ಬಹುಕಾಲದಿಂದ ಇದೆ. ಕ್ಷಯವೇ ಇದಕ್ಕೆ ಕಾರಣವೆಂದು ಸಾಬೀತಾಗಿಲ್ಲ. ಆದರೂ ಚಿಕಿತ್ಸೆ ಆರಂಭಿಸುವ ಮೊದಲು ಕ್ಷಯದ ತಪಾಸಣೆ ಮಾಡಿಸುವುದು ಬೇರೊಂದು ಕಾರಣಕ್ಕಾಗಿ ಅವಶ್ಯ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ನೀಡಿದಾಗ ದೇಹದಲ್ಲಿ ಅಡಗಿರುವ ಕ್ಷಯ ಹೊರಬರಬಹುದು.

ಸಾಮಾನ್ಯವಾಗಿ 10 ರಿಂದ 40 ವರ್ಷದೊಳಗೆ ಕಾಯಿಲೆ ಆರಂಭವಾಗುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಆದರೆ ಜಪಾನಿಗೆ ಹೋಲಿಸಿದರೆ ಭಾರತದಲ್ಲಿ ಪುರುಷ ರೋಗಿಗಳ ಪ್ರಮಾಣ ಅಧಿಕವಾಗಿದೆ. ಇನ್ನೊಂದು ವ್ಯತ್ಯಾಸವೂ ಗಮನಾರ್ಹ. ಜಪಾನಿನ ರೋಗಿಗಳಲ್ಲಿ ಮಹಾಅಪಧಮನಿಯ ಮೇಲ್ಭಾಗ ಹೆಚ್ಚಾಗಿ ಕೆಟ್ಟರೆ, ಭಾರತೀಯರಲ್ಲಿ ಹೊಟ್ಟೆಯ ಭಾಗದ ಮಹಾಅಪಧಮನಿ ಮತ್ತು ಮೂತ್ರಪಿಂಡದ ಅಪಧಮನಿಗಳು ಕಿರಿದಾಗುವುದು ಹೆಚ್ಚು. ಮೂತ್ರಪಿಂಡಕ್ಕೆ ರಕ್ತ ಸಾಲದಾದಾಗ ರಕ್ತದೊತ್ತಡ ಏರುತ್ತದೆ. ಆದ್ದರಿಂದ ನಮ್ಮಲ್ಲಿ ಚಿಕ್ಕ ವಯಸ್ಸಿನ ಅಧಿಕ ರಕ್ತದೊತ್ತಡವೇ ಈ ಕಾಯಿಲೆಯ ಪ್ರಮುಖ ಗುರುತಾಗಿರುತ್ತದೆ.

ಪಾರ್ಶ್ವವಾಯು ಹೇಗೆ ಉಂಟಾಗುತ್ತದೆ

ಟಕಾಯಾಸು ಕಾಯಿಲೆಯಿರುವವರ ಪೈಕಿ ಸುಮಾರು ಶೇಕಡಾ 10 ರಿಂದ 20 ಜನರಲ್ಲಿ ಪಾರ್ಶ್ವವಾಯು ಅಥವಾ ಕೆಲವು ನಿಮಿಷಗಳಲ್ಲಿ ತಾನಾಗಿ ಸರಿಹೋಗುವ ತಾತ್ಕಾಲಿಕ ಪಾರ್ಶ್ವವಾಯು ಕಂಡುಬರುತ್ತದೆಂದು ವಿವಿಧ ಅಧ್ಯಯನಗಳಿಂದ ತಿಳಿದುಬರುತ್ತದೆ. ಇದು ಒಂದೇ ಬಗೆಯಲ್ಲಿ ಆಗುವುದಿಲ್ಲ.

ಮೊದಲನೆಯದಾಗಿ, ಉರಿಯೂತ ಮುಂದುವರಿದಂತೆ ಅಪಧಮನಿಯ ಗೋಡೆ ದಪ್ಪವಾಗಿ, ಒಳಗಿನ ದಾರಿ ಕಿರಿದಾಗುತ್ತದೆ. ಕೊರಳಿನ ಎರಡು ಬದಿಯ ಅಪಧಮನಿಗಳು ಹಾಗೂ ಕತ್ತಿನ ಮೂಳೆಗಳ ಮೂಲಕ ಮೇಲೇರುವ ಎರಡು ಅಪಧಮನಿಗಳು, ಹೀಗೆ ನಾಲ್ಕು ನಾಳಗಳು ಮೆದುಳಿಗೆ ರಕ್ತ ಒದಗಿಸುತ್ತವೆ. ಒಂದು ಕಿರಿದಾದರೆ ಉಳಿದವು ಸ್ವಲ್ಪ ಮಟ್ಟಿಗೆ ಕೊರತೆ ತುಂಬುತ್ತವೆ. ನಿಧಾನವಾಗಿ ಮುಚ್ಚಿಕೊಳ್ಳುವ ನಾಳದ ಸುತ್ತ ಸಣ್ಣ ಉಪನಾಳಗಳು ಬೆಳೆದುಕೊಳ್ಳುತ್ತವೆ. ಆದ್ದರಿಂದ ಒಂದು ಕೊರಳಿನ ಅಪಧಮನಿ ಪೂರ್ತಿ ಮುಚ್ಚಿದ್ದರೂ ಕೆಲವರಿಗೆ ತಲೆಸುತ್ತಿನ ಹೊರತು ಬೇರೇನೂ ಇರುವುದಿಲ್ಲ. ಎರಡು ಮೂರು ನಾಳಗಳು ಕೆಟ್ಟಾಗ ಈ ಸರಿದೂಗಿಸುವಿಕೆ ಸಾಲದಾಗುತ್ತದೆ. ಆಗ ನಿರ್ಜಲೀಕರಣ, ವಾಂತಿ ಭೇದಿ, ರಕ್ತದೊತ್ತಡ ದಿಢೀರನೆ ಇಳಿಯುವುದು ಮುಂತಾದ ಸಾಧಾರಣ ಕಾರಣಗಳೂ ಮೆದುಳಿನ ಒಂದು ಭಾಗವನ್ನು ಶಾಶ್ವತವಾಗಿ ಹಾನಿಗೊಳಿಸಬಹುದು.

ಎರಡನೆಯದಾಗಿ, ಉರಿಯೂತವಿರುವ ಒರಟು ಗೋಡೆಯ ಮೇಲೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನ ತುಣುಕು ಮೆದುಳಿನ ನಾಳಕ್ಕೆ ಸಾಗಿ ಅಡ್ಡಗಟ್ಟಬಹುದು. ಮಹಾಅಪಧಮನಿಯ ಬುಡ ಹಿಗ್ಗಿ ಹೃದಯದ ಕವಾಟ ಸೋರುವುದೂ ಉಂಟು. ಇದರಿಂದ ಹೃದಯ ದುರ್ಬಲವಾಗಿ, ಅಲ್ಲಿಂದಲೇ ಹೆಪ್ಪು ಹೊರಡುವ ಸಂಭವವಿದೆ.

ಮೂರನೆಯದು ಮೆದುಳಿನ ರಕ್ತಸ್ರಾವ. ಮೂತ್ರಪಿಂಡದ ನಾಳ ಕಿರಿದಾಗಿ ಏರಿದ ರಕ್ತದೊತ್ತಡ ಹತೋಟಿಯಲ್ಲಿಲ್ಲದಿದ್ದಾಗ ಮೆದುಳಿನ ಸಣ್ಣ ನಾಳ ಒಡೆಯಬಹುದು. ಹೆಪ್ಪಿನಿಂದಾದ ಪಾರ್ಶ್ವವಾಯುವಿಗೂ ರಕ್ತಸ್ರಾವದಿಂದಾದುದಕ್ಕೂ ಹೊರಗಿನಿಂದ ವ್ಯತ್ಯಾಸ ತಿಳಿಯುವುದಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿದ ನಂತರವೇ ತಿಳಿಯುತ್ತದೆ. ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ಮಾರಕವಾಗುವುದರಿಂದ, ಸ್ಕ್ಯಾನ್ ಆಗುವ ಮುನ್ನ ಮನೆಯಲ್ಲಿ ಆಸ್ಪಿರಿನ್ ಮಾತ್ರೆ ನುಂಗಿಸಬಾರದು.

ತೋಳಿಗೆ ಹೋಗುವ ಅಪಧಮನಿ ಬುಡದಲ್ಲಿಯೇ ಕಿರಿದಾದಾಗ ಇನ್ನೊಂದು ವಿಶೇಷ ಸ್ಥಿತಿ ಉಂಟಾಗುತ್ತದೆ. ತೋಳಿಗೆ ಬೇಕಾದ ರಕ್ತವನ್ನು ಮೆದುಳಿನ ಹಿಂಭಾಗಕ್ಕೆ ಹೋಗಬೇಕಾದ ನಾಳದಿಂದ ದೇಹ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬಟ್ಟೆ ಒಗೆಯುವಾಗ, ಹಿಟ್ಟು ನಾದುವಾಗ, ನೀರು ಸೇದುವಾಗ ತೋಳು ಸೋಲುವುದರ ಜೊತೆಗೆ ತಲೆ ತಿರುಗುವುದು, ಕಣ್ಣು ಮಂಜಾಗುವುದು ಇದರ ಲಕ್ಷಣ. ಇದನ್ನು ನಿಶ್ಶಕ್ತಿ ಎಂದು ಭಾವಿಸಿ ಟಾನಿಕ್ ಕುಡಿಯುತ್ತ ಕಾಲ ಕಳೆಯುವವರು ಅನೇಕರು.

ಗಮನಿಸಬೇಕಾದ ಲಕ್ಷಣಗಳು

ಕಾಯಿಲೆಯ ಆರಂಭದಲ್ಲಿ ಸಣ್ಣ ಜ್ವರ, ಮೈಕೈ ನೋವು, ತೂಕ ಇಳಿಯುವುದು, ರಾತ್ರಿ ಬೆವರುವುದು ಮಾತ್ರ ಇರಬಹುದು. ಈ ಹಂತದಲ್ಲಿ ಟೈಫಾಯಿಡ್ ಎಂದೋ ರಕ್ತಹೀನತೆ ಎಂದೋ ಚಿಕಿತ್ಸೆ ಪಡೆಯುವುದು ಸಾಮಾನ್ಯ. ಇದಕ್ಕಾಗಿ ಯಾರನ್ನೂ ದೂಷಿಸಲಾಗದು. ಆ ಹಂತದಲ್ಲಿ ಗುರುತಿಸುವುದು ತಜ್ಞರಿಗೂ ಕಠಿಣ. ಮುಂದಿನ ಹಂತದ ಲಕ್ಷಣಗಳು ಹೆಚ್ಚು ಸ್ಪಷ್ಟ. ಕೆಲಸ ಮಾಡುವಾಗ ಒಂದೇ ತೋಳು ಸೋತು ನೋಯುವುದು, ನಡೆಯುವಾಗ ಕಾಲು ಹಿಡಿದುಕೊಂಡು ನಿಂತರೆ ಸರಿಹೋಗುವುದು, ಕೊರಳಿನ ಪಕ್ಕ ಮುಟ್ಟಿದರೆ ನೋವು, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ಮೂರ್ಛೆ ಹೋಗುವುದು, ಚಿಕ್ಕ ವಯಸ್ಸಿನಲ್ಲಿ ತೀವ್ರ ತಲೆನೋವಿನೊಂದಿಗೆ ರಕ್ತದೊತ್ತಡ ಏರುವುದು ಇವು ಮುಖ್ಯವಾದವು.

ಒಂದು ಕಣ್ಣು ಕೆಲವು ನಿಮಿಷ ಕಾಣದಾಗಿ ಮತ್ತೆ ಸರಿಹೋಗುವುದು, ಕೈಯಲ್ಲಿದ್ದ ಲೋಟ ಜಾರಿ ಬಿದ್ದು ಹತ್ತು ನಿಮಿಷದಲ್ಲಿ ಬಲ ಮರಳುವುದು, ಸ್ವಲ್ಪ ಹೊತ್ತು ಮಾತು ತೊದಲುವುದು ಇವು ತಾತ್ಕಾಲಿಕ ಪಾರ್ಶ್ವವಾಯುವಿನ ಲಕ್ಷಣಗಳು. ಸರಿಹೋಯಿತೆಂದು ಸುಮ್ಮನಿರಬಾರದು. ಪೂರ್ಣ ಪ್ರಮಾಣದ ಪಾರ್ಶ್ವವಾಯು ಮುಂದಿನ ಕೆಲವು ದಿನಗಳಲ್ಲಿಯೇ ಬರುವ ಅಪಾಯ ಹೆಚ್ಚಾಗಿರುವುದರಿಂದ ಅದೇ ದಿನ ಆಸ್ಪತ್ರೆಗೆ ತೆರಳತಕ್ಕದ್ದು.

ರಕ್ತದೊತ್ತಡ ಅಳೆಯುವ ವಿಧಾನ

ಈ ಕಾಯಿಲೆಯಲ್ಲಿ ಅತಿ ಹೆಚ್ಚು ಅನಾಹುತಕ್ಕೆ ಎಡೆಮಾಡುವ ಸಂಗತಿ ಇದಾಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ತಿಳಿಸಲಾಗಿದೆ.

ತೋಳಿನ ಅಪಧಮನಿ ಕಿರಿದಾಗಿದ್ದರೆ ಆ ತೋಳಿನಲ್ಲಿ ಅಳೆದ ರಕ್ತದೊತ್ತಡ ನಿಜವಾದುದಕ್ಕಿಂತ ಕಡಿಮೆ ತೋರುತ್ತದೆ. ಬಲತೋಳಿನಲ್ಲಿ 160 ಇರುವ ವ್ಯಕ್ತಿಗೆ ಎಡತೋಳಿನಲ್ಲಿ 110 ಇರಬಹುದು. ಎಡತೋಳಿನಲ್ಲಿ ಮಾತ್ರ ಅಳೆದವರು ಎಲ್ಲವೂ ಸರಿಯಿದೆಯೆಂದು ಬರೆದು ಕಳುಹಿಸುತ್ತಾರೆ. ಎರಡೂ ತೋಳುಗಳ ನಾಳಗಳು ಕೆಟ್ಟಿದ್ದರೆ ಯಂತ್ರವು ಏನನ್ನೂ ತೋರಿಸದಿರಬಹುದು, ಇಲ್ಲವೇ 80, 90 ಎಂದು ತೋರಿಸಬಹುದು. ಇಂತಹ ಸಂದರ್ಭದಲ್ಲಿ ಬಿಪಿ ಕಡಿಮೆಯಾಗಿದೆಯೆಂದು ಉಪ್ಪು ಹೆಚ್ಚಾಗಿ ಸೇವಿಸಲು ಹೇಳುವುದು, ಗ್ಲೂಕೋಸ್ ಏರಿಸುವುದು ನಡೆಯುತ್ತದೆ. ಅದೇ ಹೊತ್ತಿನಲ್ಲಿ ಹೃದಯ ಮತ್ತು ಮೂತ್ರಪಿಂಡದ ಮೇಲಿನ ನಿಜವಾದ ಒತ್ತಡ 200 ದಾಟಿರುವುದು ಅಸಾಧ್ಯವೇನಲ್ಲ.

ಆದ್ದರಿಂದ ಮೊದಲ ಭೇಟಿಯಲ್ಲಿ ಎರಡೂ ತೋಳುಗಳಲ್ಲಿ ಅಳೆಯುವಂತೆ ಆರೋಗ್ಯ ಸಿಬ್ಬಂದಿಯನ್ನು ಕೋರುವುದು ನಾಗರಿಕರ ಹಕ್ಕು. ಎರಡರ ಮೇಲಿನ ಅಂಕಿಗಳ ನಡುವೆ 20 ಅಥವಾ ಅದಕ್ಕಿಂತ ಹೆಚ್ಚು ಅಂತರವಿದ್ದರೆ ವೈದ್ಯರ ಗಮನಕ್ಕೆ ತರಬೇಕು. ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಟನೆಗಳು 2022ರಲ್ಲಿ ಪ್ರಕಟಿಸಿದ ಮಾನದಂಡಗಳಲ್ಲಿ ಈ ಅಂತರವೂ ಒಂದು. ತೋಳುಗಳೆರಡೂ ನಂಬಲರ್ಹವಲ್ಲದಿದ್ದರೆ ಅಗಲವಾದ ಪಟ್ಟಿಯನ್ನು ತೊಡೆಗೆ ಕಟ್ಟಿ ಕಾಲಿನಲ್ಲಿ ಅಳೆಯಬೇಕಾಗುತ್ತದೆ. ಆರೋಗ್ಯವಂತರಲ್ಲಿ ಕಾಲಿನ ಒತ್ತಡ ತೋಳಿನಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚಾಗಿರುತ್ತದೆ. ಕಾಲುಗಳ ಕಡೆಗಿನ ನಾಳವೂ ಕಿರಿದಾಗಿದ್ದಲ್ಲಿ ಆಸ್ಪತ್ರೆಯಲ್ಲಿ ಸೂಕ್ಷ್ಮ ನಳಿಕೆಯ ಮೂಲಕ ಮಹಾಅಪಧಮನಿಯ ಒಳಗಿನ ಒತ್ತಡವನ್ನೇ ಅಳೆಯುತ್ತಾರೆ.

ಯಾವ ಕೈಯಲ್ಲಿ ಅಥವಾ ಕಾಲಿನಲ್ಲಿ ಅಳೆದ ಒತ್ತಡ ನಿಜವಾದುದೆಂದು ತಜ್ಞರು ಒಮ್ಮೆ ತೀರ್ಮಾನಿಸಿದ ನಂತರ ಅದನ್ನು ಹೊರರೋಗಿ ಚೀಟಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿಕೊಳ್ಳುವುದು ಸೂಕ್ತ. ಗರ್ಭಿಣಿಯರಾದಲ್ಲಿ ತಾಯಿ ಕಾರ್ಡಿನಲ್ಲಿಯೂ ಬರೆಸತಕ್ಕದ್ದು. ರಾತ್ರಿ ಪಾಳಿಯಲ್ಲಿ ಹೊಸದಾಗಿ ನೋಡುವ ಶುಶ್ರೂಷಕಿಗೆ ಇದರಿಂದ ಆಗುವ ಸಹಾಯ ಅಪಾರ.

ಇದರ ಇನ್ನೊಂದು ಮುಖವನ್ನೂ ತಿಳಿದಿರಬೇಕು. ಕೊರಳಿನ ನಾಳಗಳು ತೀರಾ ಕಿರಿದಾಗಿರುವವರಲ್ಲಿ ಏರಿದ ರಕ್ತದೊತ್ತಡವನ್ನು ಒಮ್ಮೆಲೇ ಇಳಿಸಿದರೆ ಮೆದುಳಿಗೆ ಹೋಗುವ ರಕ್ತ ಇನ್ನಷ್ಟು ಕಡಿಮೆಯಾಗಿ ಪಾರ್ಶ್ವವಾಯು ಉಂಟಾಗಬಹುದು. ಒತ್ತಡ ಎಷ್ಟಿರಬೇಕು, ಎಷ್ಟು ದಿನಗಳಲ್ಲಿ ಇಳಿಸಬೇಕು ಎಂಬುದು ಒಬ್ಬೊಬ್ಬ ರೋಗಿಗೂ ಬೇರೆ. ಮೂತ್ರಪಿಂಡದ ಎರಡೂ ನಾಳಗಳು ಕಿರಿದಾಗಿರುವವರಿಗೆ ಎನಲಾಪ್ರಿಲ್, ಟೆಲ್ಮಿಸಾರ್ಟನ್ ಮುಂತಾದ ಕೆಲವು ಬಿಪಿ ಮಾತ್ರೆಗಳಿಂದ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು. ಆದ್ದರಿಂದ ನೆರೆಯವರ ಮಾತ್ರೆಯನ್ನು ತೆಗೆದುಕೊಳ್ಳುವುದು, ಅಂಗಡಿಯಿಂದ ತಾವೇ ಕೊಳ್ಳುವುದು ಈ ಕಾಯಿಲೆಯಲ್ಲಿ ವಿಶೇಷವಾಗಿ ಅಪಾಯಕಾರಿ.

ಪಾರ್ಶ್ವವಾಯು ತಗಲಿದಾಗ ತಕ್ಷಣ ಮಾಡಬೇಕಾದದ್ದು

ಮುಖ ಒಂದು ಕಡೆಗೆ ವಾಲುವುದು, ಒಂದು ಕೈ ಅಥವಾ ಕಾಲು ಬಲಹೀನವಾಗುವುದು, ಮಾತು ತೊದಲುವುದು ಅಥವಾ ನಿಲ್ಲುವುದು, ಇದ್ದಕ್ಕಿದ್ದಂತೆ ದೃಷ್ಟಿ ಹೋಗುವುದು, ತೋಲ ತಪ್ಪಿ ಬೀಳುವುದು ಇವುಗಳಲ್ಲಿ ಯಾವುದೊಂದು ಕಂಡರೂ 108ಕ್ಕೆ ಕರೆ ಮಾಡತಕ್ಕದ್ದು. ರೋಗಿಯು ಕೊನೆಯ ಬಾರಿ ಸರಿಯಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಚಿಕಿತ್ಸೆಯ ತೀರ್ಮಾನವೆಲ್ಲ ಆ ಒಂದು ಗಂಟೆಯ ಲೆಕ್ಕದ ಮೇಲೆ ನಿಂತಿರುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ನೀಡಬೇಕಾಗುತ್ತದೆ. ದೊಡ್ಡ ನಾಳದ ಹೆಪ್ಪನ್ನು ನಳಿಕೆಯ ಮೂಲಕ ಹೊರತೆಗೆಯುವ ಚಿಕಿತ್ಸೆಯನ್ನು ಆರು ಗಂಟೆಯೊಳಗೆ, ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ, ಮಾಡಲಾಗುತ್ತದೆ. ಸಿ.ಟಿ. ಸ್ಕ್ಯಾನ್ ಇಲ್ಲದ ಆಸ್ಪತ್ರೆಯಲ್ಲಿ ಕಳೆದ ಸಮಯ ಮರಳಿ ಸಿಗುವುದಿಲ್ಲವಾದ್ದರಿಂದ ಆ ಸೌಲಭ್ಯವಿರುವ ಜಿಲ್ಲಾ ಆಸ್ಪತ್ರೆಗೆ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ನೇರವಾಗಿ ಒಯ್ಯುವುದು ಒಳಿತು.

ಟಕಾಯಾಸು ಕಾಯಿಲೆಯಿದೆಯೆಂದು ಮೊದಲೇ ಗೊತ್ತಿದ್ದಲ್ಲಿ, ಆ ವಿಷಯವನ್ನೂ ಯಾವ ತೋಳಿನ ಬಿಪಿ ನಿಜವೆಂಬುದನ್ನೂ ತುರ್ತು ಚಿಕಿತ್ಸಾ ಘಟಕದ ವೈದ್ಯರಿಗೆ ಎಲ್ಲಕ್ಕಿಂತ ಮೊದಲು ತಿಳಿಸತಕ್ಕದ್ದು. ಬಾಯಿಗೆ ನೀರು, ಕಾಫಿ ಹಾಕಬಾರದು. ಬೆರಳ ತುದಿ ಚುಚ್ಚಿ ರಕ್ತ ಹರಿಸುವುದು, ಪಾರಿವಾಳದ ರಕ್ತ ಹಚ್ಚುವುದು, ನಾಟಿ ಔಷಧಕ್ಕೆಂದು ಊರೂರು ಅಲೆಯುವುದು ಇವುಗಳಿಂದ ನಾಲ್ಕೂವರೆ ಗಂಟೆ ಕಳೆದುಹೋಗುತ್ತದೆಯೇ ಹೊರತು ಬೇರೇನೂ ಆಗದು.

ಪತ್ತೆ ಹಚ್ಚುವ ಪರೀಕ್ಷೆಗಳು

ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಎಂಬ ರಕ್ತಪರೀಕ್ಷೆಗಳಿಂದ ದೇಹದಲ್ಲಿ ಉರಿಯೂತವಿದೆಯೇ ಎಂಬುದು ತಿಳಿಯುತ್ತದೆ. ಆದರೆ ಇವು ಸಹಜವಾಗಿದ್ದರೂ ನಾಳದ ಗೋಡೆಯಲ್ಲಿ ಕಾಯಿಲೆ ಮುಂದುವರಿಯುತ್ತಿರಬಹುದು. ರಕ್ತಪರೀಕ್ಷೆ ಚೆನ್ನಾಗಿ ಬಂದಿತೆಂದು ಔಷಧ ನಿಲ್ಲಿಸುವುದು ತಪ್ಪು. ಕೊರಳಿನ ನಾಳಗಳನ್ನು ಡಾಪ್ಲರ್ ಪರೀಕ್ಷೆಯಿಂದ, ಇಡೀ ಮಹಾಅಪಧಮನಿಯನ್ನು ಸಿ.ಟಿ. ಅಥವಾ ಎಂ.ಆರ್. ಆಂಜಿಯೋಗ್ರಾಂನಿಂದ ನೋಡಲಾಗುತ್ತದೆ. ಹೃದಯದ ಎಕೋ ಪರೀಕ್ಷೆಯೂ ಬೇಕು. ಕೆಲವೆಡೆ ಪೆಟ್ ಸ್ಕ್ಯಾನ್ ಸಹ ಮಾಡುತ್ತಾರೆ.

ಯುವವಯಸ್ಸಿನ ಪಾರ್ಶ್ವವಾಯುವಿಗೆ ಇದೊಂದೇ ಕಾರಣವಲ್ಲ. ನಮ್ಮ ದೇಶದಲ್ಲಿ ಕ್ಷಯರೋಗದ ಮಿದುಳುಪೊರೆ ಉರಿಯೂತವು ಮೆದುಳಿನ ಬುಡದ ನಾಳಗಳಿಗೆ ಹರಡಿ ಪಾರ್ಶ್ವವಾಯುವನ್ನುಂಟುಮಾಡುತ್ತದೆ. ವಾರಗಟ್ಟಲೆ ಜ್ವರ, ತಲೆನೋವು, ವಾಂತಿಯ ನಂತರ ಕೈಕಾಲು ಬಿದ್ದರೆ ಇದನ್ನು ಅನುಮಾನಿಸಬೇಕು. ಲೂಪಸ್ ಕಾಯಿಲೆ, ಬೆಹ್ಚೆಟ್ ಕಾಯಿಲೆ, ಸಿಫಿಲಿಸ್, ಎಚ್.ಐ.ವಿ. ಹಾಗೂ ಸರ್ಪಸುತ್ತಿನ ವೈರಾಣುವಿನಿಂದಲೂ ನಾಳಗಳ ಉರಿಯೂತ ಉಂಟಾಗಬಹುದು. ಮೆದುಳಿನ ನಾಳಗಳಿಗೆ ಮಾತ್ರ ಸೀಮಿತವಾದ ಉರಿಯೂತವೂ ಇದ್ದು, ಅದರ ಪತ್ತೆಗೆ ಕೆಲವೊಮ್ಮೆ ಮೆದುಳಿನ ಅಂಗಾಂಶದ ತುಣುಕು ಪರೀಕ್ಷೆ ಬೇಕಾಗುತ್ತದೆ.

50 ವರ್ಷ ದಾಟಿದವರಲ್ಲಿ ಜೈಂಟ್ ಸೆಲ್ ಆರ್ಟರೈಟಿಸ್ ಎಂಬ ಬೇರೊಂದು ಕಾಯಿಲೆ ಬರುತ್ತದೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಇದು ವಿರಳ. ಹೊಸದಾಗಿ ಶುರುವಾದ ತಲೆನೋವು, ತಲೆ ಬಾಚುವಾಗ ಕಪೋಲದ ಮೇಲ್ಭಾಗದಲ್ಲಿ ನೋವು, ಅಗಿಯುವಾಗ ದವಡೆ ಸೋಲುವುದು ಇದರ ಲಕ್ಷಣಗಳು. ದೃಷ್ಟಿ ಒಮ್ಮೆಲೇ ಹೋಗುವ ಅಪಾಯವಿರುವುದರಿಂದ ಪರೀಕ್ಷೆಯ ವರದಿಗೆ ಕಾಯದೆ ಸ್ಟೀರಾಯ್ಡ್ ಚಿಕಿತ್ಸೆ ಆರಂಭಿಸಲಾಗುತ್ತದೆ.

ಚಿಕಿತ್ಸೆ

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಚಿಕಿತ್ಸೆಯ ಮೊದಲ ಮೆಟ್ಟಿಲು. ಇದನ್ನು ಹೆಚ್ಚಿನ ಪ್ರಮಾಣದಲ್ಲಿ ಆರಂಭಿಸಿ ತಿಂಗಳುಗಳ ಅವಧಿಯಲ್ಲಿ ಹಂತಹಂತವಾಗಿ ತಗ್ಗಿಸಲಾಗುತ್ತದೆ. ತಗ್ಗಿಸುವಾಗ ಕಾಯಿಲೆ ಮರುಕಳಿಸುವುದು ಸಾಮಾನ್ಯವಾದುದರಿಂದ ಮೆಥೊಟ್ರೆಕ್ಸೇಟ್, ಅಜಾಥಯೋಪ್ರಿನ್ ಅಥವಾ ಮೈಕೊಫಿನೊಲೇಟ್ ಔಷಧಗಳಲ್ಲೊಂದನ್ನು ಮೊದಲಿನಿಂದಲೇ ಜೊತೆಗೆ ನೀಡುವುದು ಈಗಿನ ಪದ್ಧತಿ. ಇವುಗಳಿಗೂ ಬಗ್ಗದಿದ್ದಲ್ಲಿ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್, ಟೊಸಿಲಿಜುಮ್ಯಾಬ್ ಎಂಬ ಚುಚ್ಚುಮದ್ದುಗಳಿವೆ. ಮೆದುಳಿನ ನಾಳಗಳು ಕಿರಿದಾಗಿರುವವರಿಗೆ ವೈದ್ಯರು ಕಡಿಮೆ ಪ್ರಮಾಣದ ಆಸ್ಪಿರಿನ್ ಸೇರಿಸಬಹುದು.

ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ಸೇವಿಸುವ ಮಾತ್ರೆ. ಪ್ರತಿದಿನವೆಂದು ತಪ್ಪಾಗಿ ತಿಳಿದು ಸೇವಿಸಿದರೆ ಪ್ರಾಣಕ್ಕೇ ಅಪಾಯ. ವಾರದ ಯಾವ ದಿನ ಸೇವಿಸಬೇಕೆಂಬುದನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಬೇಕು. ಸ್ಟೀರಾಯ್ಡ್ ಮಾತ್ರೆಗಳನ್ನು ಮುಖ ಊದಿತು, ಮೈ ತೂಕ ಹೆಚ್ಚಿತು ಎಂದು ಒಮ್ಮೆಲೇ ನಿಲ್ಲಿಸಬಾರದು. ದೀರ್ಘಕಾಲ ಸೇವಿಸಿದವರ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಹಠಾತ್ತನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿಯಬಹುದು, ಕೊರಳಿನ ನಾಳ ಕಿರಿದಾದವರಲ್ಲಿ ಈ ಕುಸಿತವೇ ಪಾರ್ಶ್ವವಾಯುವಿಗೆ ದಾರಿಯಾಗಬಹುದು. ಸಕ್ಕರೆ ಪ್ರಮಾಣ, ಮೂಳೆಗಳ ಬಲ, ಕಣ್ಣಿನ ಪೊರೆ ಇವುಗಳ ತಪಾಸಣೆಯನ್ನು ನಿಯಮಿತವಾಗಿ ಮಾಡಿಸುತ್ತಿರಬೇಕು.

ಕಿರಿದಾದ ನಾಳವನ್ನು ಬಲೂನ್ ಮೂಲಕ ಹಿಗ್ಗಿಸುವುದು, ಸ್ಟೆಂಟ್ ಅಳವಡಿಸುವುದು, ಬೈಪಾಸ್ ಶಸ್ತ್ರಚಿಕಿತ್ಸೆ ಇವು ಕೆಲವರಿಗೆ ಬೇಕಾಗುತ್ತವೆ. ಉರಿಯೂತ ತೀವ್ರವಾಗಿರುವಾಗ ಮಾಡಿದರೆ ನಾಳ ಮತ್ತೆ ಮುಚ್ಚಿಕೊಳ್ಳುವ ಸಂಭವ ಹೆಚ್ಚು. ಆದ್ದರಿಂದ ಅಂಗಕ್ಕೆ ತಕ್ಷಣದ ಅಪಾಯವಿಲ್ಲದಿದ್ದಲ್ಲಿ ಔಷಧದಿಂದ ಕಾಯಿಲೆ ಶಮನವಾಗುವವರೆಗೆ ಕಾಯಲಾಗುತ್ತದೆ. ಈ ಕಾಯುವಿಕೆಯನ್ನು ಆಸ್ಪತ್ರೆಯ ವಿಳಂಬವೆಂದು ಭಾವಿಸಬಾರದು.

ವಿವಾಹ ಮತ್ತು ಗರ್ಭಧಾರಣೆಯ ಬಗ್ಗೆ ಕುಟುಂಬದವರು ಕೇಳಲು ಸಂಕೋಚಪಡುತ್ತಾರೆ. ಕಾಯಿಲೆ ಹತೋಟಿಯಲ್ಲಿದ್ದು ರಕ್ತದೊತ್ತಡ ಸರಿಯಾಗಿದ್ದಲ್ಲಿ ಅನೇಕ ಸ್ತ್ರೀಯರು ಸುರಕ್ಷಿತವಾಗಿ ತಾಯಂದಿರಾಗಿದ್ದಾರೆ. ಆದರೆ ಮೆಥೊಟ್ರೆಕ್ಸೇಟ್ ಮತ್ತು ಮೈಕೊಫಿನೊಲೇಟ್ ಗರ್ಭಸ್ಥ ಶಿಶುವಿಗೆ ಹಾನಿಕರವಾಗಿರುವುದರಿಂದ ಗರ್ಭಧಾರಣೆಗೆ ತಿಂಗಳುಗಳ ಮೊದಲೇ ವೈದ್ಯರನ್ನು ಕಂಡು ಔಷಧ ಬದಲಿಸಿಕೊಳ್ಳಬೇಕು. ಹೆರಿಗೆಯನ್ನು ತಜ್ಞರಿರುವ ದೊಡ್ಡ ಆಸ್ಪತ್ರೆಯಲ್ಲಿಯೇ ಮಾಡಿಸತಕ್ಕದ್ದು.

ಲಭ್ಯವಿರುವ ಸೇವೆಗಳು ಮತ್ತು ಅರ್ಜಿ ಸಲ್ಲಿಸುವ ವಿಧಾನ

ರಾಜ್ಯದಲ್ಲಿ ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ – ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಅನುಷ್ಠಾನಗೊಳಿಸಲಾಗಿದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ಗಳವರೆಗೆ ಚಿಕಿತ್ಸೆ ಲಭ್ಯ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು, ವಾರ್ಷಿಕ 1.5 ಲಕ್ಷ ರೂ.ಗಳ ಮಿತಿಗೊಳಪಟ್ಟು, ಸರ್ಕಾರ ಭರಿಸುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರದಲ್ಲಿ ಕಾರ್ಡ್ ಪಡೆಯಬಹುದಾಗಿದೆ. ಯೋಜಿತ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ತೆರಳಿ, ಅಲ್ಲಿ ಸೌಲಭ್ಯವಿಲ್ಲದಿದ್ದಲ್ಲಿ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ತುರ್ತು ಚಿಕಿತ್ಸೆಗೆ ಈ ಪತ್ರದ ಅಗತ್ಯವಿಲ್ಲ. ಪಾರ್ಶ್ವವಾಯು ತಗಲಿದ ರೋಗಿಯನ್ನು ಕೂರಿಸಿ ಪತ್ರಕ್ಕಾಗಿ ತಾಲ್ಲೂಕು ಆಸ್ಪತ್ರೆಗೆ ಅಲೆಯಬೇಕಾಗಿಲ್ಲ.

ಯೋಜನೆಯು ಮುಖ್ಯವಾಗಿ ಒಳರೋಗಿ ಪ್ಯಾಕೇಜ್‌ಗಳನ್ನು ಆಧರಿಸಿದೆ. ವರ್ಷಗಟ್ಟಲೆ ಮನೆಯಲ್ಲಿ ಸೇವಿಸಬೇಕಾದ ಮಾತ್ರೆಗಳಿಗೆ ಸರ್ಕಾರಿ ಆಸ್ಪತ್ರೆಯ ಔಷಧಾಲಯದಲ್ಲಿ ವಿಚಾರಿಸಿ, ಅಲ್ಲಿ ದೊರೆಯದಿದ್ದಲ್ಲಿ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಪಡೆಯಬಹುದು.

ನರರೋಗ ಸಂಬಂಧಿತ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್, ಹೃದಯ ಮತ್ತು ರಕ್ತನಾಳಗಳ ಚಿಕಿತ್ಸೆಗೆ ಬೆಂಗಳೂರು, ಮೈಸೂರು ಹಾಗೂ ಕಲಬುರಗಿಯ ಶ್ರೀ ಜಯದೇವ ಹೃದ್ರೋಗ ಸಂಸ್ಥೆ, ಮಾತು ಕಳೆದುಕೊಂಡವರ ವಾಕ್ ಚಿಕಿತ್ಸೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಹಿಂದಿನ ಎಲ್ಲ ಸ್ಕ್ಯಾನ್‌ಗಳ ಫಿಲ್ಮ್ ಅಥವಾ ಸಿ.ಡಿ.ಯನ್ನು, ಕೇವಲ ವರದಿಯನ್ನಲ್ಲ, ತೆಗೆದುಕೊಂಡು ಹೋಗಬೇಕು. ನಾಳ ಮೊದಲಿಗಿಂತ ಎಷ್ಟು ಕಿರಿದಾಗಿದೆಯೆಂಬುದನ್ನು ಹೋಲಿಸಿ ನೋಡಲು ಅದು ಅತ್ಯವಶ್ಯ.

ಪಾರ್ಶ್ವವಾಯುವಿನಿಂದ ಶಾಶ್ವತ ನ್ಯೂನತೆ ಉಳಿದಲ್ಲಿ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರನ್ವಯ ಪ್ರಮಾಣಪತ್ರಕ್ಕೂ ಯು.ಡಿ.ಐ.ಡಿ. ಕಾರ್ಡಿಗೂ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ಭಾವಚಿತ್ರ, ಆಧಾರ್, ವಿಳಾಸದ ದಾಖಲೆ ಮತ್ತು ಚಿಕಿತ್ಸಾ ದಾಖಲೆಗಳು ಬೇಕಾಗುತ್ತವೆ. ನಂತರ ನಿಗದಿತ ದಿನದಂದು ವೈದ್ಯಕೀಯ ಪ್ರಾಧಿಕಾರದ ಮುಂದೆ ಹಾಜರಾಗತಕ್ಕದ್ದು. ಪಾರ್ಶ್ವವಾಯುವಿನ ನಂತರದ ಮೊದಲ ತಿಂಗಳುಗಳಲ್ಲಿ ಚೇತರಿಕೆ ನಡೆಯುತ್ತಿರುವುದರಿಂದ ಸ್ಥಿತಿ ಸ್ಥಿರಗೊಂಡ ಬಳಿಕವೇ ಅಂತಿಮ ಮೌಲ್ಯಮಾಪನ ನಡೆಯುತ್ತದೆ. ಬದಲಾವಣೆಯ ಸಾಧ್ಯತೆಯಿದ್ದಲ್ಲಿ ನಿಗದಿತ ಅವಧಿಯ ಪ್ರಮಾಣಪತ್ರ ನೀಡಲಾಗುತ್ತದೆ. ಕೈಕಾಲಿನ ದೌರ್ಬಲ್ಯದ ಜೊತೆಗೆ ಮಾತು ಅಥವಾ ದೃಷ್ಟಿಯ ನ್ಯೂನತೆಯೂ ಇದ್ದರೆ ಅದನ್ನು ಅರ್ಜಿಯಲ್ಲಿ ತಪ್ಪದೆ ನಮೂದಿಸಬೇಕು. ಕೈಯ ನ್ಯೂನತೆಯೊಂದನ್ನೇ ನಮೂದಿಸಿದರೆ ಒಟ್ಟು ಪ್ರಮಾಣ ಶೇಕಡಾ 40ಕ್ಕಿಂತ ಕಡಿಮೆಯಾಗಿ ಸೌಲಭ್ಯ ತಪ್ಪಿಹೋಗಬಹುದು.

ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯುಳ್ಳವರು, ಆದಾಯದ ಷರತ್ತಿಗೊಳಪಟ್ಟು, ಮಾಸಿಕ ಪೋಷಣಾ ಭತ್ಯೆಗಾಗಿ ತಮ್ಮ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ನಡೆದಾಡಲಾಗದವರ ಪರವಾಗಿ ಕುಟುಂಬದ ಸದಸ್ಯರು ಮೊದಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸುವುದು ಅನುಕೂಲಕರ. ಆರೋಗ್ಯ ಸಂಬಂಧಿತ ಸಲಹೆಗೆ 104 ಸಂಖ್ಯೆಗೆ ಕರೆ ಮಾಡಬಹುದಾಗಿದೆ.